ಮಧುಗಿರಿ ಸೀಮೆಯ ಹಳೆಯ ಕ್ವಾರಿ ಹೊಂಡದಲ್ಲಿ ಒಂದು ಹಗಲು

ಕಳೆದ ಡಿಸೆಂಬರಿನ ಒಂದು ಶನಿವಾರ ನಾನು, ನನ್ನ ಹೆಂಡತಿ, ಅಕ್ಕನ ಮಗ ಮತ್ತು ಚಿಕ್ಕಂದಿನಿಂದ ಬಾವಿಯಲ್ಲಿ ಈಜಿ ಬೆಳೆದ ನನ್ನ ಸ್ನೇಹಿತರೊಬ್ಬರು ಸೇರಿ, ತುಮಕೂರಿನಿಂದ ಮಧುಗಿರಿ ತಾಲ್ಲೂಕಿನ ಒಂದು ಹಳ್ಳಿಯ ಆಚೆಗಿರುವ, ಕೆಲಸ ನಿಂತು ಎಷ್ಟೋ ವರ್ಷಗಳಾದ ಕಲ್ಲುಕ್ವಾರಿಗೆ ಹೋಗಿ, ಅದರಲ್ಲಿ ತುಂಬಿ ನಿಂತ ನೀರಿನಲ್ಲಿ ಈಜಿ ಬಂದೆವು. ಹಳ್ಳಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ರಜೆಯ ದಿನಗಳಲ್ಲಿ ಬಂದವರು ಒಡೆದು ಹೋದ ಬಾಟಲಿಯ ಗಾಜು ದನ ನೀರು ಕುಡಿಯುವ ಜಾಗದಲ್ಲೇ ಬಿದ್ದಿರುವುದನ್ನು ಊರಿನವರು ನಮಗೆ ತೋರಿಸಿದರು. ಹೆಸರು ಹಬ್ಬಿಸಬೇಡಿ ಎಂದು ಅವರು ಕೇಳಿಕೊಂಡದ್ದನ್ನು ನಾನು ಮೀರಲಾರೆ. ಮಧುಗಿರಿ, ಕೊರಟಗೆರೆ ಸುತ್ತಿನಲ್ಲಿ ಇಂತಹ ಹೊಂಡಗಳು ಇನ್ನೂ ಇವೆ. ಮುಂದೆ ಬರೆದಿರುವುದು ಅವುಗಳಲ್ಲಿ ಯಾವುದಕ್ಕೆ ಹೋಗುವವರಿಗೂ ಬೇಕಾಗುವ ಮಾತು.

ತುಮಕೂರಿನಿಂದ ಕೊರಟಗೆರೆಯ ಮೇಲೆ ಮಧುಗಿರಿಗೆ ನಲವತ್ತು ಕಿಲೋಮೀಟರಿಗೆ ತುಸು ಹೆಚ್ಚು ದೂರ, ಬಸ್ಸುಗಳಿಗೆ ಕೊರತೆಯಿಲ್ಲ. ಬೆಂಗಳೂರಿನಿಂದ ಬರುವವರು ತುಮಕೂರಿನವರೆಗೆ ಬರಬೇಕಾಗಿಲ್ಲ, ದಾಬಸ್‌ಪೇಟೆಯಲ್ಲಿ ಹೆದ್ದಾರಿ ಬಿಟ್ಟು ಕೊರಟಗೆರೆಯ ದಾರಿ ಹಿಡಿಯಬಹುದು. ಆದರೆ ಕ್ವಾರಿಗಳು ಮುಖ್ಯರಸ್ತೆಯ ಪಕ್ಕದಲ್ಲಿ ಇರುವುದಿಲ್ಲವಾದ್ದರಿಂದ ಸ್ವಂತ ವಾಹನವಿಲ್ಲದೆ ಈ ಪ್ರಯಾಣ ಕಷ್ಟ. ಕೊನೆಯ ಎರಡು ಕಿಲೋಮೀಟರು ಹಿಂದೆ ಕಲ್ಲಿನ ಲಾರಿಗಳು ಓಡಾಡಿದ ದಾರಿ. ಮಳೆಗೆ ಮಣ್ಣೆಲ್ಲ ಕೊಚ್ಚಿಹೋಗಿ ಚೂಪುಗಲ್ಲು ಎದ್ದಿರುತ್ತದೆ. ನಾವು ಕಾರನ್ನು ಊರಿನ ಅರಳಿಕಟ್ಟೆಯ ಬಳಿ ನಿಲ್ಲಿಸಿ ನಡೆದೇ ಹೋದೆವು. ತಿಂಡಿಯನ್ನು ಕೊರಟಗೆರೆಯಲ್ಲಿ ಮುಗಿಸಿ, ಮಧ್ಯಾಹ್ನದ ಊಟವನ್ನೂ ತಲೆಗೆ ಮೂರು ಲೀಟರಿನಂತೆ ಕುಡಿಯುವ ನೀರನ್ನೂ ಕಟ್ಟಿಕೊಂಡು ಹೋಗಿರಿ. ಮುಂದೆ ಅಂಗಡಿ ಸಿಕ್ಕುವುದಿಲ್ಲ.

ಈ ಹೊಂಡಗಳನ್ನು ಅರ್ಥ ಮಾಡಿಕೊಳ್ಳಬೇಕಾದರೆ ಮೊದಲು ಇಲ್ಲಿನ ಕಲ್ಲನ್ನು ಅರ್ಥ ಮಾಡಿಕೊಳ್ಳಬೇಕು. ರಾಮನಗರದಿಂದ ಉತ್ತರಕ್ಕೆ ತುಮಕೂರು ಜಿಲ್ಲೆಯನ್ನು ಹಾದು ಬಳ್ಳಾರಿಯ ಕಡೆಗೆ ಸುಮಾರು 400 ಕಿಲೋಮೀಟರು ಉದ್ದಕ್ಕೆ ಚಾಚಿರುವ ಒಂದು ಗ್ರಾನೈಟ್ ಪಟ್ಟಿಯಿದೆ. ರಾಮನಗರದ ಹಳೆಯ ಹೆಸರಿನಿಂದ ಭೂವಿಜ್ಞಾನಿಗಳು ಅದನ್ನು ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಕರೆಯುತ್ತಾರೆ. ಅದರ ವಯಸ್ಸು ಸುಮಾರು 250 ಕೋಟಿ ವರ್ಷ. ಮಧುಗಿರಿಯ ಏಕಶಿಲಾ ಬೆಟ್ಟವೂ ಈ ಪಟ್ಟಿಯದೇ. ಇದು ಗಟ್ಟಿಯಾದ, ನೀರನ್ನು ಹೀರದ ಕಲ್ಲು. ಬಿರುಕುಗಳಲ್ಲಿ ಬಿಟ್ಟರೆ ಬೇರೆಲ್ಲೂ ನೀರು ಇಳಿಯುವುದಿಲ್ಲವಾದ್ದರಿಂದ ಒಮ್ಮೆ ತೋಡಿದ ಗುಂಡಿ ಕಲ್ಲಿನ ತೊಟ್ಟಿಯಂತೆ ಮಳೆಯ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಹೊಳೆಗಳೆಲ್ಲ ವರ್ಷದ ಬಹುಪಾಲು ಒಣಗಿರುವ ಈ ಸೀಮೆಯಲ್ಲಿ ಅಷ್ಟು ನೀರನ್ನು ಒಟ್ಟಿಗೆ ಕಂಡಾಗ ಯಾರಿಗಾದರೂ ಇಳಿಯಬೇಕೆನಿಸುತ್ತದೆ. ನನಗೂ ಅನ್ನಿಸಿತು, ಅದರಲ್ಲಿ ತಪ್ಪಿಲ್ಲ. ಆದರೆ ಕೆರೆಯಲ್ಲಿ ಕಲಿತ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಕೆರೆಯ ಅಂಗಳ ಮೆಲ್ಲಮೆಲ್ಲಗೆ ಇಳಿಜಾರಾಗುತ್ತದೆ. ಹಳೆಯ ಬಾವಿಗಾದರೂ ಮೆಟ್ಟಿಲಿರುತ್ತದೆ. ಕ್ವಾರಿಯ ಗುಂಡಿಯನ್ನು ತೋಡಿದವರು ನೀರಿಗಾಗಿ ತೋಡಿದ್ದಲ್ಲ, ಕಲ್ಲಿಗಾಗಿ. ಒಳ್ಳೆಯ ಕಲ್ಲು ಸಿಕ್ಕ ಕಡೆ ಆಳಕ್ಕೆ ಹೋಗಿದ್ದಾರೆ, ಕಲ್ಲು ಕೆಟ್ಟ ಕಡೆ ಹಾಗೆಯೇ ಬಿಟ್ಟಿದ್ದಾರೆ. ಹೀಗಾಗಿ ಮೊಣಕಾಲುದ್ದದ ನೀರಿನ ಪಕ್ಕದಲ್ಲೇ ಐವತ್ತು ಅಡಿ ಆಳ ಇರಬಹುದು, ಮೇಲಿನಿಂದ ನೋಡುವವರಿಗೆ ಎರಡೂ ಒಂದೇ ಬಣ್ಣವಾಗಿ ಕಾಣಬಹುದು.

ಆದ್ದರಿಂದ ಆ ಗುಂಡಿಯಲ್ಲಿ ದುಡಿದವರನ್ನು ಹುಡುಕಿ, ಅವರನ್ನು ಜೊತೆಗೆ ಕರೆದುಕೊಂಡೇ ಹೋಗಿರಿ. ಈ ಬರಹದಲ್ಲಿ ಬೇರೆಲ್ಲವನ್ನು ಮರೆತರೂ ಇದೊಂದನ್ನು ಮರೆಯಬೇಡಿ. ಕ್ವಾರಿ ಇದ್ದ ಊರಿನಲ್ಲಿ ಕಲ್ಲು ಒಡೆದ ಹಿರಿಯರು ಒಬ್ಬಿಬ್ಬರಾದರೂ ಇರುತ್ತಾರೆ. ನಾವು ಅರಳಿಕಟ್ಟೆಯಲ್ಲಿ ವಿಚಾರಿಸಿದಾಗ, ಯೌವನದಲ್ಲಿ ಅಲ್ಲಿ ಬೆಣೆ ಹೊಡೆದು ಚಪ್ಪಡಿ ಎಬ್ಬಿಸಿದ ಎಪ್ಪತ್ತರ ಸಮೀಪದ ಹಿರಿಯರೊಬ್ಬರನ್ನು ತೋರಿಸಿದರು. ಅವರು ಮೊದಲು ಕೇಳಿದ್ದು, "ಈಜು ಬತ್ತದಾ ಸ್ವಾಮಿ, ಇಲ್ಲಾ ಸುಮ್ಕೆ ನೋಡಕ್ಕೆ ಬಂದಿದ್ದೀರಾ?" ಎಂದು. ನನ್ನ ಹೆಂಡತಿಗೆ ಈಜು ಬಾರದು ಎಂದಾಗ, "ಅಮ್ಮಾವ್ರು ಮೇಲ್ಗಡೆ ನೆರಳಾಗೆ ಕುಂತ್ಕಳ್ಲಿ, ಹಗ್ಗದ ತುದಿ ಅವರ ಕೈಲಿರ್ಲಿ" ಎಂದು ಅಲ್ಲಿಯೇ ತೀರ್ಮಾನಿಸಿದರು. ಅದು ಸರಿಯಾದ ತೀರ್ಮಾನವಾಗಿತ್ತು.

ಅನುಮತಿಯ ವಿಷಯವನ್ನೂ ಊರಿನಲ್ಲೇ ಇತ್ಯರ್ಥ ಮಾಡಿಕೊಳ್ಳಬೇಕು. ಕೆಲಸ ನಿಂತ ಮಾತ್ರಕ್ಕೆ ಆ ಜಾಗ ಎಲ್ಲರದ್ದೂ ಆಗುವುದಿಲ್ಲ. ಅದು ಯಾರದೋ ಪಟ್ಟಾ ಜಮೀನಾಗಿರಬಹುದು, ಗೋಮಾಳವಾಗಿರಬಹುದು, ಗುತ್ತಿಗೆ ಇನ್ನೂ ಮುಗಿಯದೆ ಇರಬಹುದು. ಗ್ರಾಮ ಪಂಚಾಯಿತಿಯಲ್ಲಿ ಕೇಳಿದರೆ ತಿಳಿಯುತ್ತದೆ. ಬೇಲಿಯೋ ಎಚ್ಚರಿಕೆಯ ಫಲಕವೋ ಇದ್ದಲ್ಲಿ, ಬೇಡ ಎಂದವರಿದ್ದಲ್ಲಿ ವಾಪಸು ಬಂದುಬಿಡಿ. ಹತ್ತಿರದಲ್ಲಿ ನಡೆಯುತ್ತಿರುವ ಕ್ವಾರಿಯಿದ್ದರೆ ಮದ್ದು ಹಾರಿಸುವ ಹೊತ್ತು ಯಾವುದು ಎಂಬುದನ್ನು ತಿಳಿಯದೆ ಒಂದು ಹೆಜ್ಜೆಯೂ ಮುಂದಿಡಬೇಡಿ. ಹಳೆಯ ಗುಂಡಿಯಲ್ಲಾದರೂ ನೆಲದಲ್ಲಿ ವೈರಿನ ತುಂಡು ಅಥವಾ ಮದ್ದು ಸಿಡಿಸುವ ಕೇಪಿನಂತಹ ಲೋಹದ ಕೊಳವೆ ಕಂಡರೆ ಮುಟ್ಟಬಾರದು, ಮಕ್ಕಳು ಮುಟ್ಟದಂತೆ ನೋಡಿಕೊಳ್ಳಬೇಕು.

ಹತ್ತೂವರೆಗೆ ನಾವು ಗುಂಡಿಯ ಅಂಚಿನಲ್ಲಿದ್ದೆವು. ಮೂರು ಕಡೆ ನೆಟ್ಟಗೆ ನಿಂತ ಗೋಡೆ, ಅದರ ಮೈಮೇಲೆ ಸಾಲುಸಾಲಾಗಿ ಕುಳಿಗಳ ಗುರುತು, ಕೆಳಗೆ ಹಸಿರು ಬೆರೆತ ನೀಲಿ ನೀರು. ನೀರಿನ ಮಟ್ಟಕ್ಕೆ ಹತ್ತಿರದ ಕಲ್ಲಿನಲ್ಲಿ ಹೆಬ್ಬೆರಳಿನಷ್ಟು ದೊಡ್ಡ ತಿಳಿಗೆಂಪು ಹರಳುಗಳು ಬಿಸಿಲಿಗೆ ಹೊಳೆಯುತ್ತಿದ್ದವು. ಹಿರಿಯರು ಕುಳಿಗಳ ಸಾಲುಗಳನ್ನು ತೋರಿಸಿ, ಮೇಲಿನ ಭಾಗ ಕೈಯಿಂದ ಆದದ್ದು, ಕೆಳಗಿನದು ಯಂತ್ರ ಬಂದ ಮೇಲಿನದು ಎಂದು ವಿವರಿಸಿದರು. ಬಂಡೆಯ ಮೇಲೆ ಸೌದೆಯ ಬೆಂಕಿ ಹಾಕಿ, ಕಾವಿಗೆ ಕಲ್ಲಿನ ಪದರ ಬಿಟ್ಟುಕೊಂಡ ಸದ್ದನ್ನು ಕಿವಿಯಲ್ಲೇ ಗುರುತಿಸಿ, ಆಮೇಲೆ ಬೆಣೆ ಹೊಡೆಯುತ್ತಿದ್ದ ಕ್ರಮವನ್ನು ಅವರು ಹೇಳಿದ್ದನ್ನು ಕೇಳಲೆಂದೇ ಇನ್ನೊಮ್ಮೆ ಅಲ್ಲಿಗೆ ಹೋಗಬಹುದು. ನಮ್ಮ ಊರುಗಳ ಮನೆಯ ಮಾಳಿಗೆಗೂ ಹೊಲದ ಬೇಲಿಗೂ ಬಂದ ಕಲ್ಲುಗಳೆಲ್ಲ ಇಂತಹ ಕೈಗಳಿಂದ ಎದ್ದವು.

ನೀರಿಗೆ ಇಳಿಯಲು ಅಲ್ಲಿದ್ದದ್ದು ಒಂದೇ ದಾರಿ, ಹಿಂದೆ ಲಾರಿಗಳು ತಳಕ್ಕೆ ಇಳಿಯುತ್ತಿದ್ದ ಇಳಿಜಾರು. ಈಗ ಅದರ ಕೆಳಗಿನ ಭಾಗ ನೀರಿನಲ್ಲಿ ಮುಳುಗಿದೆ. ಹಿರಿಯರು ನಮ್ಮ ಹಗ್ಗಕ್ಕೆ ಒಂದು ಗುಂಡುಕಲ್ಲು ಕಟ್ಟಿಸಿ, ಮಾರಿಗೊಂದರಂತೆ ಗಂಟು ಹಾಕಿಸಿದರು. ಇಳಿಜಾರಿನ ನಡುವಿನಲ್ಲಿ ಸೊಂಟದ ನೀರಿನವರೆಗೆ ಹೋಗಿ ನೋಡಿದರೆ ಕಲ್ಲು ಕೂಡಲೇ ನೆಲ ಮುಟ್ಟಿತು. ಅಲ್ಲಿಯೇ ನಿಂತು ಎಡಕ್ಕೆ ಒಂದು ಮಾರು ಆಚೆ ಎಸೆದಾಗ ಒಂಬತ್ತು ಗಂಟು ಇಳಿದರೂ ಹಗ್ಗ ಸಡಿಲವಾಗಲಿಲ್ಲ. ಲಾರಿಯ ದಾರಿಯ ಅಂಚು ಅಲ್ಲಿಗೆ ಮುಗಿದಿತ್ತು. ನೀವು ಯಾವ ಹೊಂಡಕ್ಕೆ ಹೋದರೂ ಈ ಕೆಲಸವನ್ನು ಮಾಡಿ; ಅರ್ಧ ಗಂಟೆ ಹಿಡಿಯುತ್ತದೆ, ಐವತ್ತು ರೂಪಾಯಿಯ ಹಗ್ಗ ಸಾಕು. ಅಳೆದ ಜಾಗದ ಎರಡೂ ಕಡೆಗೆ ಬಣ್ಣದ ಖಾಲಿ ಕ್ಯಾನುಗಳನ್ನು ಕಲ್ಲಿಗೆ ಕಟ್ಟಿ ತೇಲಿಬಿಟ್ಟು ಗಡಿ ಗುರುತು ಮಾಡಿಕೊಂಡೆವು.

ನೀರಿನ ಮೇಲ್ಪದರ ಹಿತವಾಗಿತ್ತು. ಆದರೆ ಒಂದಾಳುದ್ದ ಕೆಳಗೆ ಕಾಲು ಬಿಟ್ಟರೆ ಬೇರೆಯೇ ನೀರು. ಬಿಸಿಲು ಕಾಯಿಸುವುದು ಮೇಲಿನ ಪದರವನ್ನು ಮಾತ್ರ. ಒಳಹರಿವು, ಹೊರಹರಿವು ಎರಡೂ ಇಲ್ಲದೆ, ಎತ್ತರದ ಗೋಡೆಗಳ ನಡುವೆ ಗಾಳಿಯ ಕಲಕಾಟವೂ ಕಡಿಮೆಯಾಗಿರುವ ಇಂತಹ ಗುಂಡಿಯಲ್ಲಿ ಆಳದ ತಂಪು ಆಳದಲ್ಲೇ ಉಳಿಯುತ್ತದೆ. ಮೇಲಿನಿಂದ ಹಾರಿದವರು ನೇರವಾಗಿ ಆ ತಂಪಿಗೆ ಬೀಳುತ್ತಾರೆ. ಮೈ ಝಲ್ಲೆಂದು ತಾನಾಗಿ ಉಸಿರೆಳೆದುಕೊಳ್ಳುವ ಆ ಒಂದು ಗಳಿಗೆಯಲ್ಲಿ ಬಾಯಿ ನೀರಿನೊಳಗಿದ್ದರೆ ಒಳ್ಳೆಯ ಈಜುಗಾರರೂ ಉಳಿಯುವುದು ಕಷ್ಟ. ಮುಳುಗಿರುವ ಬಂಡೆ, ಬಿಟ್ಟುಹೋದ ಕಬ್ಬಿಣದ ಸರಳು ಇವೂ ಕಾಣುವುದಿಲ್ಲ. ಹೀಗಾಗಿ ಗೋಡೆಯ ಮೇಲಿನಿಂದ ಹಾರುವುದನ್ನು ನಾನು ಯಾರಿಗೂ, ಯಾವ ಕಾರಣಕ್ಕೂ ಒಪ್ಪಲಾರೆ. ನಡೆದು ಇಳಿಯಿರಿ, ಮುಖಕ್ಕೂ ಎದೆಗೂ ನೀರು ಎರಚಿಕೊಂಡು ಎರಡು ನಿಮಿಷ ನಿಂತು ಆಮೇಲೆ ಈಜಿರಿ.

ಗಡಿ ಗುರುತು ಮಾಡಿದ್ದರೂ ಒಂದು ಅಚಾತುರ್ಯ ನಡೆಯಿತು. ಹದಿನೇಳು ವರ್ಷದ ಅಕ್ಕನ ಮಗ ಇಳಿಜಾರಿನಲ್ಲಿ ನಿಂತಿದ್ದವನು ಪಾಚಿಗೆ ಜಾರಿ ಅಂಚಿನ ಆಚೆ ಹೋದ. ಮೈಮೇಲೆ ಲೈಫ್ ಜಾಕೆಟ್ ಇದ್ದುದರಿಂದ ತಲೆ ಮೇಲೆಯೇ ಉಳಿಯಿತು; ಆದರೆ ನೆಲ ಸಿಕ್ಕದ ಗಾಬರಿಯಲ್ಲಿ ಗೋಡೆಯ ಕಡೆಗೆ ಕೈಬಡಿಯತೊಡಗಿದ. ಅಲ್ಲಿ ಹಿಡಿಯಲು ಒಂದು ಸಂದೂ ಇರಲಿಲ್ಲ. ನಾನು ಅವನ ಕಡೆ ಈಜಲು ಹೊರಟಾಗ ಹಿರಿಯರು ಗದರಿಸಿ ತಡೆದರು, "ನೀವ್ ಹೋಗ್ಬ್ಯಾಡಿ, ಟ್ಯೂಬ್ ಎಸೀರಿ." ಹಗ್ಗ ಕಟ್ಟಿದ ಲಾರಿಯ ಟ್ಯೂಬನ್ನು ಸ್ನೇಹಿತರು ಎಸೆದರು, ಅವನು ಹಿಡಿದ, ದಡದಲ್ಲಿದ್ದ ನನ್ನ ಹೆಂಡತಿ ಮತ್ತು ಹಿರಿಯರು ಎಳೆದುಕೊಂಡರು. ಎಲ್ಲ ಸೇರಿ ಒಂದು ನಿಮಿಷವೂ ಆಗಿರಲಿಕ್ಕಿಲ್ಲ. ಗಾಬರಿಯಾದವರು ಹತ್ತಿರ ಬಂದವರನ್ನು ತಬ್ಬಿ ಮುಳುಗಿಸುತ್ತಾರೆ ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದರೂ ಆ ಹೊತ್ತಿಗೆ ಕಾಲು ತಾನಾಗಿ ಮುಂದೆ ಹೋಯಿತು. ಆದುದರಿಂದ ಎಸೆಯುವವರು ಯಾರು, ಎಳೆಯುವವರು ಯಾರು, 112ಕ್ಕೆ ಕರೆ ಮಾಡುವವರು ಯಾರು ಎಂಬುದನ್ನು ನೀರಿಗೆ ಇಳಿಯುವ ಮೊದಲೇ ಗೊತ್ತುಪಡಿಸಿ, ಒಮ್ಮೆ ಟ್ಯೂಬನ್ನು ಎಸೆದು ಎಳೆದು ನೋಡಿ. ಗುಂಡಿಯ ಒಳಗೆ ಮೊಬೈಲಿಗೆ ಸಿಗ್ನಲ್ ಸಿಕ್ಕಲಿಲ್ಲ, ಮೇಲಿನ ಅಂಚಿನಲ್ಲಿ ಸಿಕ್ಕಿತು. ಅದನ್ನೂ ಮೊದಲೇ ನೋಡಿಟ್ಟುಕೊಳ್ಳಬೇಕು. ಆಂಬುಲೆನ್ಸ್ 108 ಬರುವವರೆಗಿನ ಹೊತ್ತು ನಿಮ್ಮ ಕೈಯಲ್ಲೇ ಇರುತ್ತದೆ. ಮುಳುಗಿ ಉಸಿರು ನಿಂತವರನ್ನು ಹೊತ್ತು ತಿರುಗಿಸುವುದು, ಹೊಟ್ಟೆ ಒತ್ತಿ ನೀರು ತೆಗೆಯುವುದು ನಮ್ಮ ಕಡೆಯ ರೂಢಿ. ಅದು ಅಮೂಲ್ಯವಾದ ನಿಮಿಷಗಳನ್ನು ಕಳೆಯುತ್ತದೆ. ಅಂಗಾತ ಮಲಗಿಸಿ, ಮೊದಲು ಬಾಯಿಗೆ ಬಾಯಿಟ್ಟು ಉಸಿರು ಕೊಟ್ಟು, ನಂತರ ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಸಲದ ವೇಗದಲ್ಲಿ 30 ಬಾರಿ ಒತ್ತಿ 2 ಬಾರಿ ಉಸಿರು ಕೊಡುವ ಕ್ರಮವನ್ನು ನೆರವು ಬರುವವರೆಗೆ ನಿಲ್ಲಿಸದೆ ಮುಂದುವರಿಸಬೇಕು. ನಿಮ್ಮ ಗುಂಪಿನಲ್ಲಿ ಒಬ್ಬರಾದರೂ ಇದನ್ನು ಕಲಿತಿರಲಿ.

ನೀರಿನ ಶುದ್ಧಿಯ ಬಗ್ಗೆ ತಿಳಿಯಾಗಿ ಕಂಡದ್ದನ್ನು ನಂಬಬೇಡಿ. ನಿಂತ ನೀರಿನಲ್ಲಿ ಇಲಿ, ದನಗಳ ಮೂತ್ರದಿಂದ ಇಲಿ ಜ್ವರ ತಗಲುವ ಅಪಾಯವಿದೆ. ಮೈಮೇಲೆ ಗಾಯವಿದ್ದವರು ಇಳಿಯಬಾರದು, ನೀರು ನುಂಗಬಾರದು, ಮನೆಗೆ ಬಂದ ಎರಡು ಮೂರು ವಾರದೊಳಗೆ ಜ್ವರ, ಮೈಕೈ ನೋವು ಬಂದರೆ ಹೊಂಡದಲ್ಲಿ ಈಜಿದ್ದನ್ನು ವೈದ್ಯರಿಗೆ ತಪ್ಪದೆ ಹೇಳಬೇಕು. ಬಣ್ಣ ಬಳಿದಂತೆ ಹಸಿರು ಕೆನೆ ತೇಲುತ್ತಿದ್ದರೆ ದಡದಲ್ಲಿ ಕುಳಿತು ಊಟ ಮಾಡಿ ಬನ್ನಿ.

ಗೋಡೆಗಳ ಕೆಳಗೂ ಕೂರಬೇಡಿ. ಮದ್ದಿನ ಹೊಡೆತಕ್ಕೆ ಬಿರುಕು ಬಿಟ್ಟ ಕಲ್ಲು ವರ್ಷಗಳಾದ ಮೇಲೂ ಉದುರುತ್ತದೆ, ಮಳೆಯ ಮರುದಿನಗಳಲ್ಲಿ ಇನ್ನೂ ಹೆಚ್ಚು. ನಾವು ಹೋದ ಕಡೆ ಪಡುವಣ ಗೋಡೆಯ ಚಾಚಿನಡಿಯಲ್ಲಿ ಎರಡು ದೊಡ್ಡ ಹೆಜ್ಜೇನು ಹುಟ್ಟುಗಳಿದ್ದವು. ಹೊಗೆ, ಸೆಂಟು, ಕಲ್ಲೆಸೆತ, ಕೂಗಾಟ ಯಾವುದೂ ಬೇಡ. ಹುಟ್ಟು ಹತ್ತಿರವಿದ್ದರೆ ಒಲೆ ಹೂಡಬಾರದು. ಈ ಬಂಡೆಗಳ ಸೀಮೆ ಕರಡಿ, ಚಿರತೆಗಳದ್ದೂ ಹೌದು. ಸಂಜೆ ನಾಲ್ಕರ ಹೊತ್ತಿಗೆ ಊರು ಸೇರಿಬಿಡುವುದು ಒಳ್ಳೆಯದು. ಹೇಗೂ ಆಳದ ಗುಂಡಿಯೊಳಗೆ ಬಿಸಿಲು ಬೀಳುವುದು ಹನ್ನೊಂದರಿಂದ ಎರಡರವರೆಗೆ ಮಾತ್ರ. ಆಮೇಲೆ ನೆರಳು ಬಿದ್ದ ನೀರಿನಲ್ಲಿ ತಳ, ಅಂಚು ಯಾವುದೂ ಕಾಣುವುದಿಲ್ಲ.

ಕಾಲದ ಮಟ್ಟಿಗೆ, ಈ ಕಡೆ ಮಳೆ ಹೆಚ್ಚು ಬೀಳುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಆಗ ನೀರು ಕದಡಿರುತ್ತದೆ, ದಾರಿ ಜಾರುತ್ತದೆ. ನವೆಂಬರ್ ಕೊನೆಯಿಂದ ಫೆಬ್ರವರಿಯವರೆಗೆ ನೀರು ತುಂಬಿಯೂ ತಿಳಿಯಾಗಿಯೂ ಇರುತ್ತದೆ. ಬೇಸಿಗೆಯಲ್ಲಿ ಸುತ್ತಲಿನ ರೈತರು ಮೋಟಾರಿಟ್ಟು ನೀರೆತ್ತುವುದರಿಂದ ಮಟ್ಟ ಇಳಿದು, ಪಾಚಿ ಹಿಡಿದ ಇಳಿಜಾರು ಹೊರಗೆ ಕಾಣಿಸಿಕೊಳ್ಳುತ್ತದೆ. ಈಜಲು ಅದು ಒಳ್ಳೆಯ ಕಾಲವಲ್ಲ. ಆದರೆ ಹೊರಡುವಾಗ ಹಿರಿಯರು ನಮ್ಮ ಹಗ್ಗವನ್ನು ಸುತ್ತಿ ಕೈಗೆ ಕೊಟ್ಟು, "ಯುಗಾದಿ ಕಳ್ದ್ ಮ್ಯಾಲೆ ಒಂದಪ ಬನ್ನಿ, ನೀರು ತಗ್ಗಿರ್ತದೆ, ಎಲ್ಲೆಲ್ಲಿ ಏನೈತೆ ಅಂತ ತೋರುಸ್ತೀನಿ" ಎಂದರು. ಏಪ್ರಿಲಿನಲ್ಲಿ ನಾವು ಅದಕ್ಕೆಂದೇ ಹೋಗಲಿದ್ದೇವೆ, ಈಜುಡುಗೆಯಿಲ್ಲದೆ, ಒಂದು ಹಾಳೆ ಮತ್ತು ಪೆನ್ಸಿಲ್ ಹಿಡಿದು.