ಊಟದ ಮೇಜಿನ ಮೇಲೆ ಟಾಪ್ ಆಫ್ ದಿ ಪಾಪ್ಸ್: ಐದು ವಾರದ ಲೆಕ್ಕ

ಊಟದ ಮೇಜಿನ ಅರ್ಧ ಭಾಗ ಈಗ ಸ್ಟುಡಿಯೊ. ಮನೆಯವರು ಉಳಿದರ್ಧದಲ್ಲಿ ತಟ್ಟೆ ಇಟ್ಟುಕೊಂಡು ಹೇಗೋ ಹೊಂದಿಕೊಂಡಿದ್ದಾರೆ. ಸಾಂಬಾರ್ ಚೆಲ್ಲಿದ್ದು ಒಂದೇ ಸಲ, ಅದೂ ಸ್ಟೇಜಿನ ಮೇಲಲ್ಲ.

ಮಾಡುತ್ತಿರುವುದು ಇಷ್ಟು. ಬ್ರಿಟನ್ನಿನ ಬಿಬಿಸಿ ಟೀವಿಯಲ್ಲಿ ಟಾಪ್ ಆಫ್ ದಿ ಪಾಪ್ಸ್ ಅಂತ ಪಾಪ್ ಹಾಡುಗಳ ಕಾರ್ಯಕ್ರಮ ಇತ್ತಲ್ಲ, ಎಪ್ಪತ್ತರ ದಶಕದ ಅದರ ಸ್ಟುಡಿಯೊವನ್ನು ಫೋಮ್ ಬೋರ್ಡಿನಲ್ಲಿ ಪುಟ್ಟದಾಗಿ ಕಟ್ಟಬೇಕು. ಒಂದು ಹಾಡನ್ನು ಅವರ ಥರವೇ ಶೂಟ್ ಮಾಡಿ ನೋಡಬೇಕು. ಆ ಕಾರ್ಯಕ್ರಮ 1964ರ ಜನವರಿ 1ರಂದು ಮ್ಯಾಂಚೆಸ್ಟರಿನಲ್ಲಿ ಶುರುವಾಯಿತು. ಸ್ಟುಡಿಯೊ ಅಂದರೆ ಒಂದು ಹಳೆಯ ಚರ್ಚ್ ಕಟ್ಟಡ. ಆಮೇಲೆ ಲಂಡನ್ನಿಗೆ ಬಂತು. ವಾರವಾರ ಬರುತ್ತಿದ್ದದ್ದು 2006ರ ಜುಲೈ 30ಕ್ಕೆ ಮುಗಿಯಿತು. ಅರವತ್ತರ ದಶಕದ ಕಂತುಗಳನ್ನು ಬಹುಪಾಲು ಅಳಿಸಿಬಿಟ್ಟಿದ್ದಾರೆ. ಹಾಗಾಗಿ ನೋಡಿ ಕಲಿಯಲು ಸಿಗುವುದು ಎಪ್ಪತ್ತರ ದಶಕದವೇ ಜಾಸ್ತಿ.

ನಾನು ಬೆಳೆದದ್ದು ದೂರದರ್ಶನದ ಚಿತ್ರಮಂಜರಿ ನೋಡಿಕೊಂಡು. ಅಲ್ಲಿ ಬರುತ್ತಿದ್ದದ್ದು ಸಿನಿಮಾದ ಹಾಡಿನ ತುಣುಕುಗಳು. ಒಂದೇ ಕೋಣೆಯಲ್ಲಿ ಐದಾರು ತಂಡ ಒಂದರ ಹಿಂದೆ ಒಂದು ಹಾಡುವುದು, ನಡುವೆ ಹುಡುಗ ಹುಡುಗಿಯರು ಕುಣಿಯುವುದು, ಕ್ಯಾಮೆರಾಗಳು ಅವರ ನಡುವೆಯೇ ಓಡಾಡುವುದು, ಇದು ನನಗೆ ಹೊಸದಾಗಿತ್ತು. ಒಂದು ಅನುಮಾನವೂ ತಲೆಗೆ ಹತ್ತಿತು. ಇಷ್ಟು ಜನ ಎಲ್ಲಿಂದ ಬಂದರು? ನಿಲ್ಲಿಸಿ ನಿಲ್ಲಿಸಿ ನೋಡಿದೆ. ಪಟ್ಟೆ ಸ್ವೆಟರಿನ ಅದೇ ಹುಡುಗಿ ಮೂರು ಸ್ಟೇಜುಗಳ ಮುಂದೆ ಇದ್ದಳು!

ಮೊದಲ ವಾರ

ಟೀವಿ ಸ್ಟುಡಿಯೊ ನಕ್ಷೆಗಳನ್ನು 1:50ರಲ್ಲಿ ಬರೆಯುವ ರೂಢಿಯಿದೆ. ನಾನೂ ಅದನ್ನೇ ಹಿಡಿದೆ. ವಾಸ್ತುಶಿಲ್ಪಿಗಳು ಮಾದರಿ ಮನೆಗಳಲ್ಲಿ ನಿಲ್ಲಿಸುವ ಪ್ಲಾಸ್ಟಿಕ್ ಗೊಂಬೆಗಳು ಇದೇ ಅಳತೆಯಲ್ಲಿ ಸಿಗುತ್ತವೆ, ಅದು ಇನ್ನೊಂದು ಅನುಕೂಲ. ಸ್ಟುಡಿಯೊ 30 ಮೀಟರ್ ಉದ್ದ, 24 ಮೀಟರ್ ಅಗಲ ಅಂತ ಅಂದಾಜು ಹಾಕಿಕೊಂಡೆ. ಮೇಜಿನ ಮೇಲೆ ಅದು 60 ಸೆಂಟಿಮೀಟರಿಗೆ 48. ಗೋಡೆಗುಂಟ ನಾಲ್ಕು ತಗ್ಗು ಸ್ಟೇಜು. ಗೋಡೆಗೆ ಕಪ್ಪು ಬಟ್ಟೆ. ಇಷ್ಟಕ್ಕೆ ಎರಡು ಸಂಜೆ ಸಾಕಾಯಿತು, ಹೇಳುವಂಥದ್ದೇನಿಲ್ಲ.

ಎರಡನೇ ವಾರ

ಅರವತ್ತು ಗೊಂಬೆ ತಂದು ಒಂದು ಸ್ಟೇಜಿನ ಮುಂದೆ ನಿಲ್ಲಿಸಿದೆ. ಮೇಲಿನಿಂದ ನೋಡಿದರೆ ಸಂತೆ ಮುಗಿದ ಮೈದಾನದ ಹಾಗಿತ್ತು. ಲೆಕ್ಕ ಹಾಕಿದೆ. ನೆಲ 720 ಚದರ ಮೀಟರ್. ಕುಣಿಯುವವರಿಗೆ ತಲೆಗೆ ಒಂದು ಚದರ ಮೀಟರ್ ಅಂದರೂ ಅರವತ್ತು ಜನ ತುಂಬುವುದು ಹನ್ನೆರಡರಲ್ಲಿ ಒಂದು ಪಾಲು ಮಾತ್ರ. ಉಳಿದದ್ದು ಬರೀ ನೆಲ.

ಹಾಗಾದರೆ ಅವರು ಮಾಡಿದ್ದೇನು? ಜನರನ್ನು ಕುರಿಮಂದೆಯ ಹಾಗೆ ಒಂದು ಸ್ಟೇಜಿನಿಂದ ಇನ್ನೊಂದಕ್ಕೆ ಅಟ್ಟುತ್ತಿದ್ದರು. ಒಂದು ಹಾಡು ಮುಗಿಯಿತು ಅಂದರೆ ಫ್ಲೋರ್ ಸಿಬ್ಬಂದಿ ಬಂದು, ಸರಿಯಿರಿ, ಆಚೆ ಹೋಗಿ ಅಂತ ತಳ್ಳುವುದು. ಕ್ಯಾಮೆರಾಗೆ ದಾರಿ ಬಿಡದಿದ್ದರೆ ಕಾಲಿನ ಮೇಲೇ ಬರುತ್ತಿತ್ತು. ಇದು ಗೊತ್ತಿರುವ ಕಥೆಯೇ. ಆದರೆ ಅಟ್ಟಿದ ಮೇಲೂ ಚಿತ್ರ ತುಂಬಿದ್ದು ಹೇಗೆ ಅನ್ನುವುದು ಗೊಂಬೆ ಜೋಡಿಸುವವರೆಗೆ ನನಗೆ ತಿಳಿದಿರಲಿಲ್ಲ.

ಮೊದಲನೆಯದು ಕ್ಯಾಮೆರಾದ ಎತ್ತರ. ಲೆನ್ಸ್ ಕಣ್ಣಿನ ಮಟ್ಟಕ್ಕೆ ಇಳಿಯಬೇಕು. ಅಂದರೆ ಮೇಜಿನಿಂದ 3 ಸೆಂಟಿಮೀಟರ್. ಅಲ್ಲಿಂದ ನೋಡಿದರೆ ಮುಂದಿನ ತಲೆ ಹಿಂದಿನ ಖಾಲಿ ಜಾಗವನ್ನು ಮುಚ್ಚುತ್ತದೆ. ನನ್ನ ಫೋನ್ ಈ ಲೋಕದಲ್ಲಿ ಏಳೂವರೆ ಮೀಟರ್ ಎತ್ತರದ ರಾಕ್ಷಸ. ಅದನ್ನು ತಲೆಕೆಳಗು ಮಾಡಿ ಹಿಡಿದರೆ ಲೆನ್ಸ್ ನೆಲದ ಹತ್ತಿರ ಬರುತ್ತದೆ. ಕತ್ತು ನೋವಿಗೆ ನಾನು ಜವಾಬ್ದಾರನಲ್ಲ.

ಎರಡನೆಯದು ಲೆನ್ಸಿನ ಕೋನ. ಆ ಕಾಲದ ಸ್ಟುಡಿಯೊ ಜೂಮ್‌ಗಳು ಸುಮಾರು 50 ಡಿಗ್ರಿಯಿಂದ 5 ಡಿಗ್ರಿಯವರೆಗೆ ಹೋಗುತ್ತಿದ್ದವು. ದೂರ ನಿಂತು ಇಕ್ಕಟ್ಟು ಕೋನದಲ್ಲಿ ತೆಗೆದರೆ ಮುಂದಿನವರೂ ಹಿಂದಿನವರೂ ಒಬ್ಬರಿಗೊಬ್ಬರು ಅಂಟಿಕೊಂಡ ಹಾಗೆ ಕಾಣುತ್ತಾರೆ. ಅದೇ ಅರವತ್ತು ಗೊಂಬೆ, ಜಾತ್ರೆ!

ಮೂರನೆಯದನ್ನು ನೋಡಿ ನಗು ಬಂತು. ಜನ ಸ್ಟೇಜಿನ ಮುಂದೆ ಮಾತ್ರ ಇರುವುದಿಲ್ಲ. ಪಕ್ಕದಲ್ಲಿ, ಹಿಂದೆ, ಹಾಡುವವನ ಭುಜದ ಪಕ್ಕ ಕಾಣುವ ಸಂದಿಯಲ್ಲೂ ಇರುತ್ತಾರೆ. 1972ರ ಜುಲೈ 6ರಂದು ಪ್ರಸಾರವಾದ, ಇಂಗ್ಲಿಷ್ ಗಾಯಕ ಡೇವಿಡ್ ಬೋವಿಯ ಹಾಡು ಸ್ಟಾರ್‌ಮ್ಯಾನ್ ನೋಡಿ. ಬೋವಿ ಗಿಟಾರ್ ವಾದಕ ಮಿಕ್ ರಾನ್ಸನ್ನನ ಹೆಗಲಿಗೆ ಕೈ ಹಾಕುತ್ತಾನೆ. ಎಲ್ಲರಿಗೂ ನೆನಪಿರುವುದು ಅದು. ಅವರ ಹಿಂದೆ ಹೆಣೆದ ಬನಿಯನ್ ತೊಟ್ಟ ಒಬ್ಬ ಹುಡುಗ ಕುಣಿಯುತ್ತಿರುತ್ತಾನೆ. ಅವನನ್ನು ತೆಗೆದುಬಿಟ್ಟರೆ ಹಿಂದೆ ಉಳಿಯುವುದು ಕತ್ತಲು. ಬೋವಿ ನೇರವಾಗಿ ಲೆನ್ಸಿನತ್ತ ಬೆರಳು ತೋರಿಸುವುದೂ ಸುಮ್ನೆ ಆಗುವ ಕೆಲಸವಲ್ಲ. ನಾಲ್ಕೈದು ಕ್ಯಾಮೆರಾ ಸುತ್ತ ಇರುವಾಗ ಯಾವುದು ಆನ್ ಇದೆ ಅಂತ ಗೊತ್ತಿರಬೇಕಲ್ವಾ? ಆನ್ ಇರುವ ಕ್ಯಾಮೆರಾದ ಮೇಲೆ ಕೆಂಪು ದೀಪ ಹತ್ತುತ್ತದೆ. ಹಾಡುತ್ತಲೇ ಅದರ ಮೇಲೆ ಒಂದು ಕಣ್ಣಿಡಬೇಕು.

ಮೂರನೇ ವಾರ

ಹಾರ್ಡ್‌ವೇರ್ ಅಂಗಡಿಯಿಂದ ಬಾಗಿಲಿಗೆ ಹಾಕುವ ಇಣುಕು ಗಾಜು ತಂದೆ. ಕಳ್ಳರ ಭಯಕ್ಕಲ್ಲ. ಜಾನ್ ಹೆನ್‌ಶಾಲ್ ಎಂಬ ಕ್ಯಾಮೆರಾಮನ್ ತಾನೇ ರೂಪಿಸಿದ ಮೀನುಗಣ್ಣಿನ ಲೆನ್ಸನ್ನು, ಅಂದರೆ ಇಣುಕು ಗಾಜಿನ ಹಾಗೆ ಎಲ್ಲವನ್ನೂ ಬಾಗಿಸಿ ತೋರಿಸುವ ಲೆನ್ಸನ್ನು, ಈ ಕಾರ್ಯಕ್ರಮಕ್ಕೆ ತರುತ್ತಿದ್ದರು. 1973ರ ಜನವರಿ 3ರಂದು ಬೋವಿ ದಿ ಜೀನ್ ಜೀನಿ ಹಾಡಿದಾಗ ಅದನ್ನು ಬಳಸಿದರು. ಆಮೇಲೆ ತಮ್ಮ ಕೆಲಸದ ನೆನಪಿಗೆ ಆ ಹಾಡಿನ ಒಂದು ಪ್ರತಿ ಇಟ್ಟುಕೊಂಡರು. ಬಿಬಿಸಿ ತನ್ನ ಟೇಪನ್ನು ಅಳಿಸಿಹಾಕಿತು. ಬೇರೆ ಯಾರ ಹತ್ತಿರವೂ ಇಲ್ಲ ಅನ್ನುವುದು ಹೆನ್‌ಶಾಲ್‌ಗೆ ಎಷ್ಟೋ ವರ್ಷ ಗೊತ್ತೇ ಇರಲಿಲ್ಲ. 2011ರ ಡಿಸೆಂಬರಿನಲ್ಲಿ ಅದು ಮತ್ತೆ ಟೀವಿಯಲ್ಲಿ ಬಂತು. ಮೀನುಗಣ್ಣಿನ ಚಪಲ ಇರದಿದ್ದರೆ ಆ ಹಾಡು ಉಳಿಯುತ್ತಲೇ ಇರಲಿಲ್ಲವೇನೋ.

ಇಣುಕು ಗಾಜನ್ನು ಫೋನಿಗೆ ಟೇಪ್ ಹಚ್ಚಿ ಕೂರಿಸಿದೆ. ಅಂಚೆಲ್ಲ ಕಪ್ಪು, ನಡುವೆ ದುಂಡಗಿನ ಚಿತ್ರ. ಗೊಂಬೆ ಗಿಟಾರಿನ ಕತ್ತು ಬಾಳೆಹಣ್ಣಿನ ಹಾಗೆ ಬಾಗಿತು. ಮಗಳು ಚಪ್ಪಾಳೆ ತಟ್ಟಿದಳು. ಈವರೆಗೆ ಈ ಯೋಜನೆಗೆ ಸಿಕ್ಕಿದ ಚಪ್ಪಾಳೆ ಅದೊಂದೇ.

ನಾಲ್ಕನೇ ವಾರ

ಹಳೆಯ ಕಂತುಗಳಲ್ಲಿ ದೀಪಗಳಿಗೆ ಬಾಲ ಇರುತ್ತದೆ. ಕ್ಯಾಮೆರಾ ತಿರುಗಿದರೆ ಪ್ರತಿ ದೀಪದ ಹಿಂದೆ ಬೆಳಕಿನ ಗೀರು. ಇಂಗ್ಲಿಷಿನಲ್ಲಿ ಇದಕ್ಕೆ ಧೂಮಕೇತುವಿನ ಬಾಲ ಅಂತಲೇ ಹೆಸರು. ಆಗ ಬಿಬಿಸಿಯಲ್ಲಿದ್ದ ಇಎಂಐ 2001 ಕ್ಯಾಮೆರಾದಲ್ಲಿ ನಾಲ್ಕು ಪ್ಲಂಬಿಕಾನ್ ಟ್ಯೂಬುಗಳು. ಒಂದು ಬೆಳಕಿಗೆ, ಮೂರು ಬಣ್ಣಕ್ಕೆ. ಟ್ಯೂಬಿನೊಳಗೆ ಬೆಳಕು ಬಿದ್ದ ಕಡೆ ವಿದ್ಯುತ್ತು ಕೂಡುತ್ತದೆ. ಎಲೆಕ್ಟ್ರಾನ್ ಕಿರಣ ಬಂದು ಅದನ್ನು ಗುಡಿಸಿಕೊಂಡು ಹೋಗುತ್ತದೆ. ದೀಪ ಜಾಸ್ತಿ ಪ್ರಖರವಾಗಿದ್ದರೆ ಒಂದು ಸಲದ ಗುಡಿಕೆ ಸಾಲುವುದಿಲ್ಲ. ಉಳಿದದ್ದು ಮುಂದಿನ ಚಿತ್ರಗಳಲ್ಲೂ ಕಾಣುತ್ತದೆ, ಅದೇ ಬಾಲ. ದೋಷವೇ ಹೌದು, ಆದರೂ ನನಗೆ ಆ ಕಾಲದ ಅಂದವೇ ಅದು.

ಕಂಪ್ಯೂಟರಿನಲ್ಲಿ ಅದೇ ಲೆಕ್ಕ ಬರೆದೆ. ತುಂಬ ಬೆಳಕಿರುವ ಚುಕ್ಕೆಗಳನ್ನು ಮಾತ್ರ ಆಯ್ದು ಮುಂದಿನ ಹನ್ನೆರಡು ಫ್ರೇಮುಗಳಲ್ಲಿ ನಿಧಾನವಾಗಿ ಮಂಕಾಗಿಸುವುದು. ಪರವಾಗಿಲ್ಲ, ಚೆನ್ನಾಗೇ ಬಂತು.

ಆದರೂ ಚಿತ್ರ ಟೀವಿಯ ಹಾಗೆ ಕಾಣಲಿಲ್ಲ, ಸಿನಿಮಾದ ಹಾಗಿತ್ತು. ಕಾರಣ ಚಲನೆ. ಅವರ ಟೀವಿ 625 ಗೆರೆಗಳದ್ದು, ಸೆಕೆಂಡಿಗೆ 25 ಚಿತ್ರ. ಆದರೆ ಒಂದೊಂದು ಚಿತ್ರವೂ ಎರಡು ಅರ್ಧಗಳಾಗಿ ಬರುತ್ತದೆ. ಕಣ್ಣಿಗೆ ಸೆಕೆಂಡಿಗೆ 50 ಸಲ ಚಲನೆ ಕಾಣುತ್ತದೆ. ಫೋನಿನಲ್ಲಿ 50ರಲ್ಲಿ ತೆಗೆದು, ಸಾಲುಗಳನ್ನು ಒಂದು ಬಿಟ್ಟು ಒಂದು ಹೆಣೆದ ಮೇಲೆ ಸರಿಹೋಯಿತು. ನೆಲಕ್ಕೆ ಹತ್ತಿರದ ಶಾಟ್‌ಗಳಿಗೆ ಅಂತ ವೈರಿನ ತುದಿಯಲ್ಲಿ ಪುಟ್ಟ ಲೆನ್ಸ್ ಇರುವ ಒಂದು ಎಂಡೋಸ್ಕೋಪ್ ಕ್ಯಾಮೆರಾ ತರಿಸಿದ್ದೆ. ಪೆಟ್ಟಿಗೆಯ ಮೇಲೆ 60 ಫ್ರೇಮ್ ಅಂತ ಅಚ್ಚು ಹಾಕಿತ್ತು, ಒಳಗೆ ಇದ್ದದ್ದು 30. ಮಾರಿದವನು ಫೋನ್ ಎತ್ತುತ್ತಿಲ್ಲ.

ಐದನೇ ವಾರ

ಸ್ಟುಡಿಯೊ ಕ್ಯಾಮೆರಾಗಳ ಕೇಬಲ್ಲು! ಕ್ಯಾಮೆರಾ ಒಂದೇ ಇದ್ದಾಗ ಅದರ ನೆನಪೇ ಬಂದಿರಲಿಲ್ಲ. ನಾಲ್ಕು ಮರದ ತುಂಡುಗಳನ್ನು ಕ್ಯಾಮೆರಾ ಅಂತ ಇಟ್ಟು, ಪ್ರತಿಯೊಂದರಿಂದ ಗೋಡೆಗೆ ಹೊಲಿಗೆ ದಾರ ಎಳೆದೆ. ಮೂರು ನಿಮಿಷದ ಹಾಡಿಗೆ ಶಾಟ್ ಪಟ್ಟಿ ಬರೆದು ತುಂಡುಗಳನ್ನು ಸರಿಸಿದೆ. ಎರಡನೇ ಚರಣಕ್ಕೆ ಬರುವಷ್ಟರಲ್ಲಿ ದಾರವೆಲ್ಲ ಗಂಟು. ಎರಡನೇ ಕ್ಯಾಮೆರಾ ನಾಲ್ಕನೆಯದರ ದಾರ ದಾಟಿತ್ತು. ಕ್ಯಾಮೆರಾಗಳಿಗೆ ಎಡದಿಂದ ಬಲಕ್ಕೆ ಸಾಲಾಗಿ ನಂಬರ್ ಕೊಡುವುದು ಏಕೆ ಅಂತ ಆಗ ಹೊಳೆಯಿತು. ನಂಬರಿನ ಸಾಲು ಮೀರದಿದ್ದರೆ ದಾರ ಸಿಕ್ಕುವುದಿಲ್ಲ.

ಈಗ ಉಳಿದಿರುವುದು ಕ್ರೇನ್. ಸೈಕಲ್ಲಿನ ಸ್ಪೋಕ್ ಬಗ್ಗಿಸಿ ಮಾಡಿದೆ, ಎಂಡೋಸ್ಕೋಪ್ ಅದರ ತುದಿಗೆ. ನಿಜವಾದ ದೊಡ್ಡ ಕ್ರೇನಿನಲ್ಲಿ ಕ್ಯಾಮೆರಾಮನ್ ತೋಳಿನ ತುದಿಯಲ್ಲಿ ಕೂತಿರುತ್ತಿದ್ದ. ತೋಳು ತಿರುಗಿಸಲು, ಗಾಡಿ ತಳ್ಳಲು ಬೇರೆಯವರು. ನನ್ನದರಲ್ಲಿ ಮೂರೂ ಕೆಲಸ ನನ್ನದೇ. ನಿನ್ನೆ ರಾತ್ರಿ ಮೊದಲ ಸಲ ಮೇಲೆತ್ತಿದೆ. ಜನರ ತಲೆ ದಾಟಿ ನಾಲ್ಕು ಮೀಟರ್ ಲೆಕ್ಕಕ್ಕೆ ಏರುತ್ತಿದ್ದಂತೆ ಖಾಲಿ ನೆಲ ಪೂರ್ತಿ ಕಂಡುಬಿಟ್ಟಿತು. ಎರಡನೇ ವಾರದಿಂದ ಮುಚ್ಚಿಟ್ಟದ್ದೆಲ್ಲ ಬಯಲಾಯಿತು.

ಗೊಂಬೆಗಳನ್ನು ಹತ್ತು ಹತ್ತರ ಗುಂಪು ಮಾಡಿ ಕಾರ್ಕ್ ಹಲಗೆಗಳಿಗೆ ಅಂಟಿಸುತ್ತಿದ್ದೇನೆ. ಕ್ರೇನ್ ಏರುವಾಗ ಕೆಳಗೆ ಒಂದೊಂದೇ ಹಲಗೆ ಸರಿಸಬೇಕು. ಅದಕ್ಕೆ ಇನ್ನೆರಡು ಕೈ ಬೇಕು. ಮಗಳನ್ನು ಫ್ಲೋರ್ ಮ್ಯಾನೇಜರ್ ಮಾಡಿದ್ದೇನೆ. ಭಾನುವಾರ ಮಧ್ಯಾಹ್ನ, ಊಟದ ತಟ್ಟೆ ಎತ್ತಿದ ಮೇಲೆ ರಿಹರ್ಸಲ್.