ಸಾಲ ಕೊಟ್ಟವರು ಒಂದಾಗದಿದ್ದರೆ ಬಡತನ ನೀಗುವುದೇ?

ಬಡತನವನ್ನು ಜಗತ್ತು ಒಗ್ಗೂಡಿ ತೊಲಗಿಸಬೇಕು ಎಂಬ ಮಾತಿಗೆ ಎದುರಾಡುವವರು ಯಾರೂ ಇಲ್ಲ. ಆದರೆ ಯಾರು ಯಾರೊಂದಿಗೆ ಒಗ್ಗೂಡಬೇಕು ಎಂದು ಕೇಳಿದಾಗ ಉತ್ತರಗಳು ಮಸುಕಾಗುತ್ತವೆ. ಕೊಡುವ ದೇಶಗಳಿಗೂ ಪಡೆಯುವ ದೇಶಗಳಿಗೂ ನಡುವಿನ ಸಹಕಾರದ ಕುರಿತು ಬೇಕಾದಷ್ಟು ಚರ್ಚೆ ನಡೆದಿದೆ. ಕೊಡುವವರು ತಮ್ಮತಮ್ಮಲ್ಲೇ ಒಂದಾಗದಿದ್ದಾಗ ಬಡ ದೇಶವೊಂದು ತೆರಬೇಕಾದ ಬೆಲೆಯ ಬಗ್ಗೆ ಅಷ್ಟು ಮಾತು ಕೇಳಿಬರುವುದಿಲ್ಲ, ಮತ್ತು ನನ್ನ ಮಟ್ಟಿಗೆ ಇಡೀ ವಿಷಯದ ಗಂಟು ಇರುವುದು ಅಲ್ಲಿಯೇ.

ಕಡುಬಡತನವನ್ನು ಅಳೆಯಲು ವಿಶ್ವಬ್ಯಾಂಕ್ 1990ರಲ್ಲಿ ದಿನಕ್ಕೆ ಒಂದು ಡಾಲರ್ ಎಂಬ ಗೆರೆಯನ್ನು ಎಳೆಯಿತು. ಬೆಲೆಗಳಿಗೆ ತಕ್ಕಂತೆ ಏರುತ್ತ ಬಂದ ಆ ಗೆರೆ 2025ರ ಜೂನ್‌ನಿಂದ ಮೂರು ಡಾಲರ್ ಆಗಿದೆ. 2015ರಲ್ಲಿ ಬಳಕೆಗೆ ಬಂದ 1.90 ಡಾಲರ್ ಗೆರೆಯಿಂದ ನೋಡಿದರೆ, 1990ರಲ್ಲಿ ಜಗತ್ತಿನ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಜನ ಅದರ ಕೆಳಗಿದ್ದರು, 2015ರ ಹೊತ್ತಿಗೆ ಆ ಪ್ರಮಾಣ ಶೇಕಡಾ 10ಕ್ಕೆ ಇಳಿದಿತ್ತು. ಇದು ಸಣ್ಣ ಸಾಧನೆಯಲ್ಲ. ಆದರೆ ಈ ಇಳಿಕೆಯ ಬಹುಪಾಲು ಚೀನಾ, ಭಾರತ, ಇಂಡೋನೇಷ್ಯಾ, ವಿಯೆಟ್ನಾಂನಂತಹ ದೇಶಗಳು ತಮ್ಮ ಕೃಷಿಯನ್ನೂ ಕೈಗಾರಿಕೆಯನ್ನೂ ತಾವೇ ಬದಲಿಸಿಕೊಂಡಿದ್ದರಿಂದ ಆದದ್ದು. ಅಂತರರಾಷ್ಟ್ರೀಯ ಸಮ್ಮೇಳನಗಳು ಅದರ ಶ್ರೇಯಸ್ಸನ್ನು ತಮ್ಮ ಲೆಕ್ಕಕ್ಕೆ ಬರೆದುಕೊಳ್ಳುವುದು ನ್ಯಾಯವಲ್ಲ. ಈಗ ಉಳಿದಿರುವ ಕಡುಬಡವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಸಹಾರಾದ ದಕ್ಷಿಣಕ್ಕಿರುವ ಆಫ್ರಿಕಾದಲ್ಲಿದ್ದಾರೆ. ಯುದ್ಧ, ಬರ, ಸಾಲ ಈ ಮೂರೂ ಒಟ್ಟಿಗೆ ಬಿದ್ದಿರುವ ದೇಶಗಳು ತಮ್ಮ ಬೆಳವಣಿಗೆಯೊಂದನ್ನೇ ನಂಬಿ ಮೇಲೇಳುವುದು ಕಷ್ಟ. 2030ರೊಳಗೆ ಬಡತನವನ್ನು ಎಲ್ಲ ರೂಪಗಳಲ್ಲೂ ಕೊನೆಗೊಳಿಸುವುದಾಗಿ 2015ರಲ್ಲಿ 193 ದೇಶಗಳು ಒಪ್ಪಿಕೊಂಡ ಗುರಿ ಸಕಾಲಕ್ಕೆ ಕೈಗೂಡುವ ಲಕ್ಷಣವಿಲ್ಲ.

ನೆರವಿನ ಕಥೆಯನ್ನು ಚಿಕ್ಕದಾಗಿ ಹೇಳಿ ಮುಗಿಸಬಹುದು. ಶ್ರೀಮಂತ ದೇಶಗಳು ತಮ್ಮ ರಾಷ್ಟ್ರೀಯ ಆದಾಯದ ಶೇಕಡಾ 0.7ರಷ್ಟನ್ನು ಅಭಿವೃದ್ಧಿ ನೆರವಿಗೆ ಕೊಡಬೇಕೆಂದು ವಿಶ್ವಸಂಸ್ಥೆಯ ಮಹಾಸಭೆ ನಿರ್ಣಯಿಸಿದ್ದು 1970ರಲ್ಲಿ. ಅರ್ಧ ಶತಮಾನ ಕಳೆದ ಮೇಲೂ ನಾರ್ವೆ, ಸ್ವೀಡನ್, ಡೆನ್ಮಾರ್ಕ್, ಲಕ್ಸೆಂಬರ್ಗ್‌ನಂತಹ ಬೆರಳೆಣಿಕೆಯ ದೇಶಗಳು ಮಾತ್ರ ಅದನ್ನು ಪಾಲಿಸಿವೆ. ಆ ಮಟ್ಟವನ್ನು 2013ರಲ್ಲಿ ಮುಟ್ಟಿದ್ದ ಬ್ರಿಟನ್ 2021ರಲ್ಲಿ ಶೇಕಡಾ 0.5ಕ್ಕೆ ಇಳಿಯಿತು, ಅಮೆರಿಕವು 2025ರಲ್ಲಿ ತನ್ನ ನೆರವು ಸಂಸ್ಥೆಯಾದ ಯುಎಸ್ಏಡ್ ಅನ್ನೇ ಮುಚ್ಚಿತು. ಕೊಡುವವರ ಮರ್ಜಿಯ ಮೇಲೆ ನಿಂತ ಏರ್ಪಾಡಿನಿಂದ ಇದಕ್ಕಿಂತ ಹೆಚ್ಚಿನದನ್ನು ನಿರೀಕ್ಷಿಸುವುದೂ ತಪ್ಪೇನೋ.

ಸಾಲದ ವಿಷಯ ಹಾಗಲ್ಲ, ಅದನ್ನು ಅರಿಯಲು ಆಫ್ರಿಕಾದ ಜಾಂಬಿಯಾ ದೇಶದ ಅನುಭವ ಸಾಕು. ಬಡ ದೇಶಗಳ ಸಾಲವನ್ನು ತಗ್ಗಿಸುವ ಯೋಜನೆಯನ್ನು ವಿಶ್ವಬ್ಯಾಂಕ್ ಮತ್ತು ಅಂತರರಾಷ್ಟ್ರೀಯ ಹಣಕಾಸು ನಿಧಿ 1996ರಲ್ಲಿ ಆರಂಭಿಸಿದವು. ಚರ್ಚುಗಳೂ ಕಾರ್ಮಿಕ ಸಂಘಗಳೂ ಸೇರಿ ನಡೆಸಿದ ದೊಡ್ಡ ಚಳವಳಿಯ ಒತ್ತಡದಿಂದ 2005ರಲ್ಲಿ ಅದು ಇನ್ನಷ್ಟು ವಿಸ್ತಾರವಾಯಿತು. ಹೀಗೆ ಸುಮಾರು ಏಳು ಶತಕೋಟಿ ಡಾಲರ್ ಇದ್ದ ಜಾಂಬಿಯಾದ ವಿದೇಶಿ ಸಾಲ ಒಂದು ಶತಕೋಟಿಗಿಂತ ಕೆಳಕ್ಕೆ ಬಂತು. 2006ರಲ್ಲಿ ಸರ್ಕಾರ ಗ್ರಾಮೀಣ ಆರೋಗ್ಯ ಕೇಂದ್ರಗಳಲ್ಲಿ ರೋಗಿಗಳಿಂದ ಶುಲ್ಕ ವಸೂಲು ಮಾಡುವುದನ್ನು ನಿಲ್ಲಿಸಿತು. ಜಗತ್ತು ಒಟ್ಟಾಗಿ ಕೈಗೊಂಡ ತೀರ್ಮಾನವೊಂದು ಹಳ್ಳಿಯ ರೋಗಿಯ ಕೈಯಲ್ಲಿ ನಾಲ್ಕು ಕಾಸು ಉಳಿಸಿದ್ದಕ್ಕೆ ಇದಕ್ಕಿಂತ ನೇರವಾದ ಉದಾಹರಣೆ ನನಗೆ ಗೊತ್ತಿಲ್ಲ.

ಮುಂದೆ ಅದೇ ದೇಶ 2012, 2014 ಮತ್ತು 2015ರಲ್ಲಿ ಬಾಂಡ್ ಎಂಬ ಸಾಲಪತ್ರಗಳನ್ನು ಮಾರಿ ಒಟ್ಟು ಮೂರು ಶತಕೋಟಿ ಡಾಲರ್ ಎತ್ತಿತು, ಚೀನಾದ ಬ್ಯಾಂಕುಗಳಿಂದಲೂ ಧಾರಾಳವಾಗಿ ಸಾಲ ತಂದಿತು. ದೇಶದ ರಫ್ತಿಗೆ ಆಧಾರವಾದ ತಾಮ್ರದ ಬೆಲೆ ಕುಸಿದಾಗ ಲೆಕ್ಕ ತಪ್ಪಿತು. ಇದರಲ್ಲಿ ಜಾಂಬಿಯಾದ ಆಳುವವರ ಹೊಣೆ ಏನೂ ಇಲ್ಲವೆಂದು ನಾನು ಹೇಳಲಾರೆ. 2020ರ ನವೆಂಬರ್‌ನಲ್ಲಿ ದೇಶ ಬಡ್ಡಿ ಕಟ್ಟಲಾಗದೆ ಕೈಚೆಲ್ಲಿತು. ಅದೇ ತಿಂಗಳು ದೊಡ್ಡ ಆರ್ಥಿಕತೆಗಳ ಗುಂಪಾದ ಜಿ20 ದೇಶಗಳು ಇಂತಹ ಸಂದರ್ಭಗಳಿಗೆಂದೇ, ಸಾಲದಾತರು ಒಟ್ಟಾಗಿ ಸಾಲವನ್ನು ಮರುಹೊಂದಿಸುವ ಒಂದು ಸಾಮಾನ್ಯ ಚೌಕಟ್ಟನ್ನು ಘೋಷಿಸಿದ್ದವು. ಜಾಂಬಿಯಾ ಅದರಡಿ ಪರಿಹಾರ ಕೋರಿದ್ದು 2021ರ ಆರಂಭದಲ್ಲಿ, ಚೀನಾ ಮತ್ತು ಫ್ರಾನ್ಸ್ ನೇತೃತ್ವದ ಸರ್ಕಾರಿ ಸಾಲದಾತರ ಸಮಿತಿ ಒಪ್ಪಂದಕ್ಕೆ ಬಂದದ್ದು 2023ರ ಜೂನ್‌ನಲ್ಲಿ. ಬಾಂಡ್ ಹೊಂದಿದವರೊಂದಿಗೆ ಅದೇ ವರ್ಷ ಕುದುರಿದ ಒಡಂಬಡಿಕೆಯನ್ನು, ಖಾಸಗಿಯವರು ತಮ್ಮಷ್ಟು ಬಿಟ್ಟುಕೊಡುತ್ತಿಲ್ಲವೆಂಬ ಕಾರಣಕ್ಕೆ ಆ ಸಮಿತಿ ತಳ್ಳಿಹಾಕಿತು. ಅದು ಇತ್ಯರ್ಥವಾದದ್ದು 2024ರಲ್ಲಿ, ದೇಶ ಭೀಕರ ಬರದಿಂದ ತತ್ತರಿಸುತ್ತಿದ್ದಾಗ.

ಈ ವಿಳಂಬಕ್ಕೆ ಕಾರಣ ಯಾರ ಕ್ರೌರ್ಯವೂ ಅಲ್ಲ. ತಾನು ಬಿಟ್ಟುಕೊಟ್ಟ ಹಣ ಸಾಲಗಾರ ದೇಶದ ಜನರಿಗೆ ಸೇರದೆ ಇನ್ನೊಬ್ಬ ಸಾಲದಾತನ ಕಂತಿಗೆ ಹೋಗುತ್ತದೆಂಬ ಅನುಮಾನ ಪ್ರತಿಯೊಬ್ಬನಿಗೂ ಇರುತ್ತದೆ, ಮತ್ತು ಆ ಅನುಮಾನ ನಿರಾಧಾರವೂ ಅಲ್ಲ. ಹಿಂದೆ ಸಾಲದಾತರೆಂದರೆ ಮುಖ್ಯವಾಗಿ ಪಾಶ್ಚಾತ್ಯ ಸರ್ಕಾರಗಳು ಮತ್ತು ವಿಶ್ವಬ್ಯಾಂಕ್‌ನಂತಹ ಸಂಸ್ಥೆಗಳು. ಈಗ ಚೀನಾ, ಖಾಸಗಿ ನಿಧಿಗಳು, ಬಾಂಡ್ ವ್ಯಾಪಾರಿಗಳು ಸೇರಿ ಆ ಗುಂಪು ಹಿಗ್ಗಿದೆ, ಎಲ್ಲರನ್ನೂ ಕಟ್ಟಿಹಾಕುವ ಕಾನೂನು ಮಾತ್ರ ಹುಟ್ಟಿಲ್ಲ. ದಿವಾಳಿಯಾದ ಕಂಪನಿಗೆ ನ್ಯಾಯಾಲಯವಿದೆ, ಅಲ್ಲಿ ಬಹುಮತದ ತೀರ್ಮಾನಕ್ಕೆ ಉಳಿದ ಸಾಲದಾತರೂ ತಲೆಬಾಗಬೇಕಾಗುತ್ತದೆ. ದಿವಾಳಿಯಾದ ದೇಶಕ್ಕೆ ಅಂತಹ ಬಾಗಿಲೇ ಇಲ್ಲ. ಕೋಟಿಗಟ್ಟಲೆ ಜನರ ಔಷಧಿ, ಶಾಲೆ, ಕುಡಿಯುವ ನೀರು ಅವಲಂಬಿಸಿರುವ ಲೆಕ್ಕಕ್ಕೆ ಒಂದು ಕಾರ್ಖಾನೆಗಿರುವಷ್ಟು ವ್ಯವಸ್ಥೆಯೂ ಇಲ್ಲದಿರುವುದು ನನಗೆ ವಿಚಿತ್ರವಾಗಿ ಕಾಣುತ್ತದೆ.

ಇಷ್ಟೇ ಸದ್ದಿಲ್ಲದ ಮತ್ತೊಂದು ಸಂಗತಿ ವಲಸೆ ಕಾರ್ಮಿಕರು ಮನೆಗೆ ಕಳುಹಿಸುವ ಹಣ. ಬಡ ಮತ್ತು ಮಧ್ಯಮ ಆದಾಯದ ದೇಶಗಳಿಗೆ ಹೀಗೆ ಹರಿಯುವ ಮೊತ್ತ ಸರ್ಕಾರಿ ನೆರವಿನ ದುಪ್ಪಟ್ಟನ್ನೂ ಮೀರುತ್ತದೆ. ಅದರ ರವಾನೆ ವೆಚ್ಚವನ್ನು 2030ರೊಳಗೆ ಶೇಕಡಾ 3ಕ್ಕಿಂತ ಕೆಳಗಿಳಿಸಲು ದೇಶಗಳು ಒಪ್ಪಿದ್ದರೂ ಸರಾಸರಿ ವೆಚ್ಚ ಈಗಲೂ ಶೇಕಡಾ 6ರ ಆಸುಪಾಸಿನಲ್ಲಿದೆ. ಬ್ಯಾಂಕಿಂಗ್ ನಿಯಮಗಳನ್ನು ಹೊಂದಿಸಿಕೊಂಡರೆ ಯಾರ ಖಜಾನೆಗೂ ಹೆಚ್ಚಿನ ಹೊರೆಯಿಲ್ಲದೆ ಆಗುವ ಕೆಲಸವಿದು.

ಹಣ ಸಿಕ್ಕರೆ ಏನು ಮಾಡಬೇಕೆಂಬುದು ತಿಳಿಯದೆ ಜಗತ್ತು ಕುಳಿತಿಲ್ಲ. ಬಾಂಗ್ಲಾದೇಶದ ಬ್ರಾಕ್ ಸಂಸ್ಥೆ 2002ರಲ್ಲಿ ಆರಂಭಿಸಿದ ಕಾರ್ಯಕ್ರಮದಲ್ಲಿ ಅತ್ಯಂತ ಬಡ ಕುಟುಂಬಕ್ಕೆ ಹಸು, ಮೇಕೆ ಅಥವಾ ಸಣ್ಣ ವ್ಯಾಪಾರದ ಬಂಡವಾಳ ಕೊಟ್ಟು, ಆದಾಯ ಶುರುವಾಗುವವರೆಗೆ ಊಟದ ಖರ್ಚಿಗೆ ಒಂದಿಷ್ಟು ನಗದು ಕೊಟ್ಟು, ತರಬೇತಿ ಮತ್ತು ಉಳಿತಾಯದ ನೆರವಿನೊಂದಿಗೆ ಸುಮಾರು ಎರಡು ವರ್ಷ ಜೊತೆಗಿರುತ್ತಾರೆ. ಇದೇ ಮಾದರಿಯನ್ನು ಇಥಿಯೋಪಿಯಾ, ಘಾನಾ, ಹೊಂಡುರಾಸ್, ಭಾರತ, ಪಾಕಿಸ್ತಾನ, ಪೆರು ದೇಶಗಳಲ್ಲಿ ಪರೀಕ್ಷಿಸಿ 2015ರಲ್ಲಿ ಫಲಿತಾಂಶ ಪ್ರಕಟಿಸಲಾಯಿತು. ನೆರವು ನಿಂತು ಒಂದು ವರ್ಷವಾದ ಮೇಲೂ ಒಟ್ಟಾರೆಯಾಗಿ ಆ ಕುಟುಂಬಗಳ ಊಟ, ಆದಾಯ, ಉಳಿತಾಯ ಮೊದಲಿಗಿಂತ ಉತ್ತಮವಾಗಿದ್ದವು. ಹೊಂಡುರಾಸ್‌ನಲ್ಲಿ ಕೊಟ್ಟ ಕೋಳಿಗಳಲ್ಲಿ ಅನೇಕವು ರೋಗದಿಂದ ಸತ್ತು ಅಲ್ಲಿ ಅಂತಹ ಲಾಭ ಕಾಣಲಿಲ್ಲ. ಹೀಗೆ ಕುಟುಂಬವೊಂದರ ಜೊತೆ ಎರಡು ವರ್ಷ ಬಿಡದೆ ನಿಲ್ಲಬೇಕಾದ ಕೆಲಸವನ್ನು ಸಣ್ಣ ಪ್ರಯೋಗದ ಆಚೆಗೆ ಇಡೀ ದೇಶಕ್ಕೆ ಹಬ್ಬಿಸಬಲ್ಲದ್ದು ಆ ದೇಶದ ಸರ್ಕಾರ ಮಾತ್ರ. ಅದರ ಬಜೆಟ್‌ನಲ್ಲಿ ಬಡ್ಡಿ ಕಳೆದು ಎಷ್ಟು ಉಳಿಯುತ್ತದೆ ಎಂಬುದು ತೀರ್ಮಾನವಾಗುವುದು ಸಾಲದಾತರು ಕುಳಿತಿರುವ ಪ್ಯಾರಿಸ್, ಬೀಜಿಂಗ್, ಲಂಡನ್, ವಾಷಿಂಗ್ಟನ್‌ಗಳಲ್ಲಿ.