ತಟ್ಟೆ ಮರೆಯಾಗುವ ತನಕ

ಇವತ್ತು ಮಗಳ ಜೊತೆ ನದಿಯ ದೋಣಿಯಲ್ಲಿ ನಡೆದ ಪ್ರಕೃತಿ ಪಾಠಕ್ಕೆ ಹೋಗಿದ್ದೆ. ಅಪ್ಪ, ಅಮ್ಮ, ಮಕ್ಕಳು ಎಲ್ಲ ಒಟ್ಟಿಗೆ ಕಲಿಯೋ ಥರದ್ದು. ಮೊದಲು ಹಗ್ಗಕ್ಕೆ ಕಟ್ಟಿದ 20 ಸೆಂಟಿಮೀಟರ್ ಅಗಲದ ಕಪ್ಪು-ಬಿಳಿ ತಟ್ಟೆಯನ್ನು ಅವಳ ಕೈಗೆ ಕೊಟ್ಟರು. ಸೆಕಿ ಡಿಸ್ಕ್ ಅಂತ ಹೆಸರು, 1865ರಲ್ಲಿ ಇಟಲಿಯ ವಿಜ್ಞಾನಿ ಆಂಜೆಲೊ ಸೆಕಿ ಸಮುದ್ರಕ್ಕೆ ಬಿಳಿ ತಟ್ಟೆ ಇಳಿಸಿ ನೋಡಿದ್ದರಿಂದ ಬಂದದ್ದು. ತಟ್ಟೆ ಎಷ್ಟು ಆಳದಲ್ಲಿ ಮರೆಯಾಗುತ್ತದೋ ನೀರು ಅಷ್ಟು ತಿಳಿ.

ಆಮೇಲೆ ಬಲೆಯಲ್ಲಿ ಬಂದ ಕೆಸರನ್ನು ಬಿಳಿ ಟ್ರೇಗೆ ಸುರಿದರು. ಮೊದಲು ಬರೀ ಕಸ ಕಾಣಿಸಿತು. ಸ್ವಲ್ಪ ಹೊತ್ತು ಸುಮ್ನೆ ನೋಡುತ್ತಾ ಕೂತರೆ ಒಂದು ಕಡ್ಡಿ ನಡೆಯತೊಡಗಿತು! ಮೇಫ್ಲೈ ಅನ್ನೋ ಕೀಟದ ಮರಿ ಅದು, ಕೂದಲೆಳೆಯಂಥ ಮೂರು ಬಾಲ, ಹೊಟ್ಟೆಯ ಎರಡೂ ಬದಿ ಪಟಪಟ ಆಡುವ ಪುಟ್ಟ ಕಿವಿರುಗಳು. ನೀರು ಕೆಟ್ಟು ಆಮ್ಲಜನಕ ಕಡಿಮೆಯಾದರೆ ಮೊದಲು ಮಾಯವಾಗುವ ಜೀವಿಗಳಲ್ಲಿ ಇದೂ ಒಂದು. ಅಂದ್ರೆ ಇಲ್ಲಿ ನೀರಿಗೆ ಇನ್ನೂ ಉಸಿರಿದೆ ಅಲ್ವಾ?

ಇಷ್ಟು ವರ್ಷ ಸೇತುವೆ ಮೇಲಿಂದಲೇ ನದಿ ನೋಡಿದ್ದು ಜಾಸ್ತಿ, ಒಳಗೆ ಯಾರಿದ್ದಾರೆ ಅಂತ ಕೇಳಿರಲೇ ಇಲ್ಲ. ಕೊನೆಗೆ ಟ್ರೇಯನ್ನು ಮಗಳೇ ಬಗ್ಗಿಸಿ ನೀರಿಗೆ ಬಿಟ್ಟಳು, ಮರಿ ಕಣ್ಮರೆಯಾಗುವ ತನಕ ಅಂಚು ಹಿಡಿದು ನಿಂತೇ ಇದ್ದಳು.